ಎರಡು ಗಂಟೆಯ ಬಸ್ಸಿನ ಸರಾಸರಿ

ತಂಗಡಗಿ
೨೧ ಆಗಸ್ಟ್ ೧೯೭೭, ರವಿವಾರ

ಚಿ. ಸೌ. ಕಸ್ತೂರೆವ್ವಗ ಬಸಂತರಾಯನ ಆಶೀರ್ವಾದಗಳು.

ನಿನ್ನ ಅಣ್ಣ ಕಳಿಸಿದ ನಿಂಬಿಹಣ್ಣಿನ ಚೀಲ ಮುಟ್ಟಿ ಭಾಳ ದಿನಾ ಆತು. ಮುಟ್ಟಿತು ಅಂತ ಒಂದು ಕಾರ್ಡ್ ಸುದ್ದಾ ಹಾಕಲಿಲ್ಲ, ಸಿಟ್ಟಾಗಬ್ಯಾಡ. ಈ ವರ್ಷ ಅಧಿಕ ಶ್ರಾವಣ ಬಂದು ಪಂಚಮಿ ಹಿಂದ ಬಿತ್ತು, ನನ್ನ ಕಾಲೇಜಿನ ಕೆಲಸ ಮುಂದ ಬಿತ್ತು. ಅವ್ವ ಅರಾಮ ಅದಾಳ. ಮಳಿ ಹಿಡಿದಾಗ ಮೊಣಕಾಲು ನೋಯ್ತಾವ ಅಂತಾಳ. "ಕಸ್ತೂರಿ ಇದ್ದಿದ್ರ ಎಣ್ಣಿ ತಿಕ್ಕತಿದ್ಲು" ಅಂತ ಒಂದು ಮಾತು ಬರತೈತಿ, ಆಮ್ಯಾಲ ನನ್ನ ಮಾರಿ ನೋಡಿ ಸುಮ್ಮನಾಗ್ತಾಳ. ಲಚ್ಯಾಣದಾಗ ಮಳಿ ಹ್ಯಾಂಗೈತಿ? ನಿಮ್ಮಪ್ಪನ ಕೆಮ್ಮು ಕಡಿಮಿ ಆತೇನು?

ನಮ್ಮ ಲಗ್ನಾದ ಹೊಸದಾಗ ನೀ ಒಮ್ಮೆ ಕೇಳಿದ್ದಿ, "ದಿನಾ ಬಸ್ ಹತ್ತಿ ಮುದ್ದೇಬಿಹಾಳಕ್ಕ ಹೋಗಿ ಆ ಹುಡುಗರಿಗೆ ಏನು ಕಲಸ್ತೀರಿ?" ಅಂತ. ನಾ ಆವಾಗ ನಕ್ಕು ಬಿಟ್ಟಿದ್ದೆ. ಈಗ ನೀ ಇಲ್ಲದ ಮನಿ ಖಾಲಿ ಅನಸತೈತಿ, ಸಂಜೀಕ ಇಂಥಾ ಮಾತಾಡಾಕ ಯಾರೂ ಇಲ್ಲ, ಅದಕ್ಕ ಬರೀತೇನಿ.

ಬಿ.ಕಾಂ. ಎರಡನೇ ವರ್ಷಕ್ಕ ಸಂಖ್ಯಾಶಾಸ್ತ್ರ ಅಂತ ಒಂದು ವಿಷಯ ಐತಿ. ವ್ಯಾಪಾರದಾಗ ಎಲ್ಲಾನೂ ಎಣಿಸಿ ನೋಡಾಕ ಆಗಂಗಿಲ್ಲ. ಅಡತಿ ಅಂಗಡಿಗೆ ಶೇಂಗಾದ ಚೀಲ ಬಂದ್ರ ಅಲ್ಲೊಂದು ಇಲ್ಲೊಂದು ಹಿಡಿ ತಗದು ನೋಡ್ತಾರ, ಎಲ್ಲಾ ಚೀಲ ಸುರವಂಗಿಲ್ಲ. ಆ ಹಿಡಿ ಕಾಳಿನ ಮ್ಯಾಲಿಂದ ಇಡೀ ಮಾಲಿನ ಬಗ್ಗೆ ಎಷ್ಟು ಗಟ್ಟಿಯಾಗಿ ಮಾತಾಡಬಹುದು? "ಇಷ್ಟ ಐತಿ" ಅಂತ ಒಂದ ಅಂಕಿ ಹೇಳಿದ್ರ ಅದು ಬರೋಬ್ಬರಿ ಬರೋದು ಅಪರೂಪ. ಅದಕ್ಕ ಇಷ್ಟರಿಂದ ಇಷ್ಟರೊಳಗ ಅಂತ ಎರಡು ಅಂಕಿ ಹೇಳ್ತೇವಿ. ಇಂಗ್ಲಿಷಿನ್ಯಾಗ ಅದಕ್ಕ ಕಾನ್ಫಿಡೆನ್ಸ್ ಇಂಟರ್ವಲ್ ಅಂತಾರ. ನಾ ಹುಡುಗರಿಗೆ ಭರವಸೆಯ ಅಂತರ ಅಂತ ಹೇಳಿಕೊಡ್ತೇನಿ. ಲೆಕ್ಕ ಎಲ್ಲಾರಿಗೂ ಬರತೈತಿ. ಅದರ ಅರ್ಥ ಏನು ಅಂತ ಕೇಳಿದ್ರ ಒಬ್ಬರಿಗೂ ಬರಂಗಿಲ್ಲ.

ನಿಮ್ಮ ನಿಂಬಿಹಣ್ಣು ಬಂದ ದಿವಸ ನನಗ ಒಂದು ವಿಚಾರ ಹೊಳೀತು. ಮುದ್ದೇಬಿಹಾಳದ ಔಷಧ ಅಂಗಡಿಯಿಂದ ಸಣ್ಣ ತಕ್ಕಡಿ ಎರವಲು ತಂದೆ. ನಾನು ಅವ್ವ ಇಬ್ಬರೂ ಪಡಸಾಲಿಯೊಳಗ ಕುಂತು ಒಂದೊಂದ ಹಣ್ಣು ತೂಗಿ, ಅದರ ತೂಕ ಅದರ ಸಿಪ್ಪಿ ಮ್ಯಾಲ ಶಾಯಿಲೆ ಬರದಿವಿ. "ಈ ಹುಚ್ಚು ಕೆಲಸಕ್ಕ ಸರ್ಕಾರ ಪಗಾರ ಕೊಡತೈತೇನೋ?" ಅಂತ ಅವ್ವ ಕೇಳಿದ್ಲು. ಇಡೀ ಚೀಲದ ಸರಾಸರಿ ತಗದೆ, ಒಂದು ಹಣ್ಣಿಗೆ ನಲವತ್ತೊಂದು ಗ್ರಾಂ. ಅದನ್ನ ಯಾರಿಗೂ ಹೇಳಲಿಲ್ಲ.

ಮರುದಿನ ಚೀಲ ಕ್ಲಾಸಿಗೆ ಒಯ್ದೆ. ಇಪ್ಪತ್ತೆರಡು ಮಂದಿ ಹುಡುಗರು ಒಬ್ಬೊಬ್ಬರಾಗಿ ಬಂದು, ಕಣ್ಣು ಮುಚ್ಚಿ ಮೂವತ್ತು ಹಣ್ಣು ತಗದು, ತೂಕ ಬರಕೊಂಡು, ಹಣ್ಣು ತಿರುಗಿ ಚೀಲಕ್ಕ ಹಾಕಿ ಹೋದ್ರು. ಎಲ್ಲಾರೂ ತಮ್ಮ ತಮ್ಮ ಅಂತರ ತಗದು ಬೋರ್ಡಿನ ಮ್ಯಾಲ ಬರದ್ರು. ಆಮ್ಯಾಲ ನಾ ನಲವತ್ತೊಂದು ಅಂತ ಹೇಳಿದೆ. ಇಪ್ಪತ್ತೊಂದು ಮಂದಿ ಅಂತರದೊಳಗ ಅದು ಇತ್ತು. ಒಬ್ಬಾಕಿದು ತಪ್ಪಿತ್ತು, ನಲವತ್ತೆರಡರಿಂದ ನಲವತ್ತೆಂಟು. ಅದು ಜೋಹರಾಬಿದು.

ಜೋಹರಾಬಿ ನಿನಗ ಗೊತ್ತಲ್ಲ, ನಮ್ಮ ಊರಾಗ ಹೊಳಿ ದಾಟಸೋ ದೋಣಿ ನಡಸ್ತಾನಲ್ಲ ಮಲಿಕಸಾಬ, ಅವನ ಮಗಳು. ತಂಗಡಗಿಯಿಂದ ಕಾಲೇಜಿಗೆ ಬರೋ ಹೆಣ್ಣುಮಗಳು ಆಕಿ ಒಬ್ಬಾಕಿನ. ಲೆಕ್ಕದಾಗ ಎಲ್ಲಾರಿಗಿಂತ ಚುರುಕು. ಹುಡುಗರು ನಕ್ಕರು. ಆಕಿ ಲೆಕ್ಕಾ ಮತ್ತೊಮ್ಮೆ ಮಾಡಿದ್ಲು, ಮತ್ತ ಅದ ಬಂತು.

"ಎಲ್ಲಿ ತಪ್ಪೇನ್ರಿ ಸರ್?"

"ಎಲ್ಲೂ ತಪ್ಪಿಲ್ಲ. ನಿನ್ನ ಕೈಗೆ ದೊಡ್ಡ ಹಣ್ಣು ಹೆಚ್ಚು ಬಂದಾವ. ಅಷ್ಟ."

"ಲೆಕ್ಕ ಖರೆ ಐತಿ ಅಂದ ಮ್ಯಾಲ ಉತ್ತರ ಹ್ಯಾಂಗ ತಪ್ಪತೈತ್ರಿ?"

ಚೀಲದ ಸರಾಸರಿ ಎಲ್ಲಿ ಐತೋ ಅಲ್ಲೇ ಐತಿ, ಅದು ಅಲುಗಾಡಂಗಿಲ್ಲ, ಅಲುಗಾಡೋದು ನಮ್ಮ ಅಂತರ, ಅಂದೆ. ಇದ ರೀತಿ ನೂರು ಸರತಿ ಮಾಡಿದ್ರ ಸುಮಾರು ತೊಂಬತ್ತೈದು ಸರತಿ ಅದು ಸರಾಸರಿಯನ್ನ ಹಿಡೀತೈತಿ, ಐದು ಸರತಿ ಬಿಡತೈತಿ. ನಮ್ಮ ಕೈಯಾಗ ಇರೋ ಈ ಒಂದು, ಹಿಡಿದಿದ್ದೋ ಬಿಟ್ಟಿದ್ದೋ, ನಮಗ ತಿಳಿಯಂಗಿಲ್ಲ. "ಹಂಗಾದ್ರ ಭರವಸೆ ಎದರ ಮ್ಯಾಲ್ರಿ?" ಅಂದ್ಲು. "ತಗದ ರೀತಿ ಮ್ಯಾಲ" ಅಂದೆ. ಆಕಿಗೆ ಸಮಾಧಾನ ಆಗಲಿಲ್ಲ. ಖರೆ ಹೇಳಬೇಕಂದ್ರ ನನಗೂ ಆಗಿಲ್ಲ. ಹತ್ತು ವರ್ಷದಿಂದ ಕಲಿಸಾಕತ್ತೇನಿ. ಹಣ್ಣಿನ ಶಾಯಿ ತೊಳದು ಅವ್ವ ಉಪ್ಪಿನಕಾಯಿ ಹಾಕ್ಯಾಳ.

ಇನ್ನೊಂದು ಸುದ್ದಿ. ನಮ್ಮ ಎರಡು ಗಂಟೆಯ ಬಸ್ಸು ತಗೀತಾರಂತ. ಮಧ್ಯಾಹ್ನ ಎರಡಕ್ಕ ಮುದ್ದೇಬಿಹಾಳ ಬಿಟ್ಟು ತಂಗಡಗಿಗೆ ಬಂದು, ಮೂರಕ್ಕ ತಿರುಗಿ ಹೋಗತೈತಲ್ಲ, ಅದು. ಹೋಗಿ ಬರೋ ಒಂದು ಖೇಪಿಗೆ ಸರಾಸರಿ ಹದಿನೆಂಟು ಮಂದಿ ಆದ್ರೂ ಹತ್ತಬೇಕು ಅಂತ ಬಸ್ ಡಿಪೋದವರ ನಿಯಮ. ಒಂದು ವಾರ ನೋಡ್ಯಾರ, ಹದಿಮೂರು ಬಂದೈತಿ. ಅದು ಹೋದ್ರ ಸಂಜಿ ಏಳರ ಬಸ್ಸ ಗತಿ. ನನಗೇನೂ ಅಡ್ಡಿ ಇಲ್ಲ, ನಾ ಹೆಂಗೂ ಅದರಾಗ ಬರ್ತೇನಿ. ಜೋಹರಾಬಿಗೆ ಅಡ್ಡಿ ಐತಿ. ಮಲಿಕಸಾಬ ನನಗ ಹೊಳಿ ದಂಡಿ ಮ್ಯಾಲ ಸಿಕ್ಕಾಗ ಹೇಳಿದ, "ಕತ್ತಲಾದ ಮ್ಯಾಲ ಬರೋ ಬಸ್ಸಿಗೆ ನಾ ಮಗಳನ್ನ ಬಿಡಂಗಿಲ್ರಿ ಮಾಸ್ತರ. ನಿಮ್ಮ ಮ್ಯಾಲ ಸಂಶಯ ಇಲ್ಲ. ಮಂದಿ ಬಾಯಿಗೆ ನಾ ಹೆದರ್ತೇನಿ."

ಒಂದು ವಾರ ನೋಡಿ ಒಂದು ಬಸ್ಸಿನ ಹಣೆಬರಹ ಹೇಳಾಕ ಬರಂಗಿಲ್ಲ ಅಂತ ಜೋಹರಾಬಿ ಕ್ಲಾಸಿನ್ಯಾಗ ಎದ್ದು ನಿಂತು ಹೇಳಿದ್ಲು. ನಾವು ಸ್ವಂತ ಎಣಸ್ತೇವಿ ಅಂತ ಹುಡುಗರು ಹೊಂಟಾರ. ಏನಾಗತೈತಿ ನೋಡೋಣು.

ಹಿರಿಯರಿಗೆ ನನ್ನ ನಮಸ್ಕಾರ. ಮೈ ಜೋಪಾನ.

ನಿನ್ನ
ಬಸಂತರಾಯ


ತಂಗಡಗಿ
೨೦ ನವೆಂಬರ್ ೧೯೭೭, ರವಿವಾರ

ಚಿ. ಸೌ. ಕಸ್ತೂರೆವ್ವಗ ಆಶೀರ್ವಾದಗಳು.

ನಿನ್ನ ಕಾರ್ಡು ಬಂತು. "ನಾವೆಲ್ಲಾ ಅರಾಮ. ಬಸ್ಸಿಂದು ಏನಾತು ಬರೀರಿ." ಎರಡ ಸಾಲು. ಆ ಎರಡನೇ ಸಾಲು ಓದಿ ನನಗ ಎಷ್ಟು ಖುಷಿ ಆತು ಅಂತ ಹ್ಯಾಂಗ ಹೇಳಲಿ. ಅಂಚಿ ಮನಿ ಕಟ್ಟಿ ಮ್ಯಾಲ ನಿಂತ ಓದಿದೆ. ತಕ್ಷಣ ಬರೀಬೇಕಿತ್ತು, ಪರೀಕ್ಷಾ ಪೇಪರ ಬಂದು ತಡಾ ಆತು. ದೀಪಾವಳಿಗೆ ನೀ ಬರಬಹುದು ಅಂತ ಅವ್ವ ಹೋಳಿಗಿ ಮಾಡಿದ್ಲು. ನಾ ಆಕಿಗೆ ಏನೂ ಹೇಳಿರಲಿಲ್ಲ, ಆಕಿನ ತಿಳಕೊಂಡಿದ್ಲು. ಹೋಗ್ಲಿ ಬಿಡು.

ಬಸ್ಸಿನ ಕಥಿ ಕೇಳು. ಯಾವ ದಿವಸ ಎಣಸಬೇಕು ಅನ್ನೋದನ್ನ ಚೀಟಿ ಎತ್ತಿ ಆರಿಸಿದಿವಿ, ನಮಗ ಬೇಕಾದ ದಿವಸ ಆರಿಸಿದ್ರು ಅಂತ ಯಾರೂ ಅನ್ನಬಾರದು ಅಂತ. ಮೂವತ್ತಾರು ಖೇಪು. ಊರಿಗೆ ಬರುವಾಗ ಹತ್ತಿದವರನ್ನ ಜೋಹರಾಬಿ ಬಸ್ಸಿನ್ಯಾಗ ಎಣಸ್ತಿದ್ಲು, ಊರಾಗ ಇಳಿದು, ತಿರುಗಿ ಹೋಗೋ ಬಸ್ಸಿಗೆ ಹತ್ತೋ ಮಂದಿನ್ನೂ ನಿಂತು ಎಣಸ್ತಿದ್ಲು. ಸಂತಿ ದಿವಸ ಮೂವತ್ತು ಹತ್ತಿರ ಹೋಗತಿತ್ತು. ಜಡಿಮಳಿ ಹಿಡಿದ ಮೂರು ದಿವಸ ನಾಕು, ಐದು, ಆರು.

ಎಲ್ಲಾ ಕೂಡಿಸಿ ಭಾಗಿಸಿದ್ರ ಸರಾಸರಿ ಹದಿನೇಳು. ಭರವಸೆಯ ಅಂತರ ಹದಿನೈದರಿಂದ ಹತ್ತೊಂಬತ್ತು. ಬೇಕಾದ ಹದಿನೆಂಟು ಅದರ ಹೊಟ್ಟಿಯೊಳಗ ಐತಿ, ಆದ್ರ ಹದಿನೈದೂ ಐತಿ, ಹದಿನಾರೂ ಐತಿ.

ಬೋರ್ಡಿನ ಮ್ಯಾಲ ಇದು ಬಂದ ಕೂಡಲೆ ಕ್ಲಾಸಿನ್ಯಾಗ ಗದ್ದಲ ಆತು. ಕಾಸಿಂಸಾಬ ಅಂತ ಒಬ್ಬ ಹುಡುಗ ಅದಾನ, ಕಿರಾಣಿ ಅಂಗಡಿಯವರ ಮಗ, ಮನಸ ಒಳ್ಳೇದು. ಅವ ಎದ್ದು, "ಸರ್, ಆ ಮೂರು ಮಳಿ ದಿವಸ ತಗದು ಬಿಡ್ರಿ. ಅಂಥಾ ಮಳಿ ದಿನಾ ಬರತೈತೇನ್ರಿ? ಉಳಿದದ್ದರ ಸರಾಸರಿ ಹದಿನೆಂಟರ ಮ್ಯಾಲ ಹೋಗತೈತಿ. ನಾ ಲೆಕ್ಕಾ ಮಾಡೇನಿ" ಅಂದ. ಖರೇನ, ಹದಿನೆಂಟು ದಾಟತಿತ್ತು. ಎಲ್ಲಾರೂ "ಹೌದ್ರಿ, ಹೌದ್ರಿ" ಅಂದ್ರು. ಇದೆಲ್ಲಾ ಆಕಿ ಸಲುವಾಗಿ ಅಂತ ಅವರಿಗೂ ಗೊತ್ತು, ಆಕಿಗೂ ಗೊತ್ತು.

ನಾ ಏನರ ಅನ್ನೋದರೊಳಗ ಜೋಹರಾಬಿನ ಮಾತಾಡಿದ್ಲು. "ಆ ಮೂರು ದಿವಸ ನಾನೂ ಆ ಬಸ್ಸಿನ್ಯಾಗ ಇದ್ದೇನ್ರಿ. ನನ್ನನ್ನೂ ತಗೀತೀರೇನು?"

ಕಾಸಿಂಸಾಬ ಕೆಳಗ ಕುಂತ. ಕಸ್ತೂರಿ, ನಾನು ಬೋರ್ಡಿನ ಕಡೆ ತಿರುಗಿ ಒರಸಿದ್ದನ್ನ ಮತ್ತ ಒರಸಿದೆ. ಆ ಹುಡುಗಿಗೆ ಅಷ್ಟು ಗಟ್ಟಿ ಮನಸ ಎಲ್ಲಿಂದ ಬಂತು? ತನ್ನ ಸಾಲಿ ಹೋದ್ರೂ ಅಡ್ಡಿಯಿಲ್ಲ, ಅಂಕಿ ಹೋಗಬಾರದು ಅಂತ ಆಕಿ ಅನ್ನಲಿಲ್ಲ. ಆಕಿ ಅಂದದ್ದು ಬ್ಯಾರೆ. ಆ ಮಳಿಯೊಳಗ ಬಸ್ ಹತ್ತಿದ ನಾಕು ಮಂದಿನೂ ಮಂದಿನ ಅಂತ ಅಂದ್ಲು.

ಮೂವತ್ತಾರೂ ಬರದುಕೊಂಡು ಡಿಪೋಕ್ಕ ಹೋದಿವಿ, ನಾನು, ಆಕಿ, ಕಾಸಿಂಸಾಬ. ಅಲ್ಲಿ ಹೊಸಾ ಸಾಹೇಬರು ಅದಾರ, ಮೈಸೂರು ಕಡೆಯವರು. ಮರ್ಯಾದಿಯಿಂದ ಕೂಡಿಸಿ ಚಹಾ ತರಿಸಿದ್ರು. ಕಾಗದ ನೋಡಿ, "ಹದಿನೇಳು. ಹದಿನೆಂಟಕ್ಕಿಂತ ಕಡಿಮೆ. ಇಷ್ಟೇ ತಾನೇ ಮೇಷ್ಟ್ರೇ?" ಅಂದ್ರು.

"ಹದಿನೇಳು ನಾವು ನೋಡಿದ ಖೇಪಿಂದ್ರಿ" ಅಂದ್ಲು ಜೋಹರಾಬಿ. "ನೋಡದ ಖೇಪು ಹಿಡಿದ್ರ ಹದಿನೈದರಿಂದ ಹತ್ತೊಂಬತ್ತರೊಳಗ ಎಲ್ಲಿ ಬೇಕಾದ್ರೂ ಇರಬಹುದ್ರಿ. ಹದಿನೆಂಟು ಅದರಾಗ ಐತ್ರಿ."

"ಹದಿನೈದೂ ಇದೆಯಲ್ಲಮ್ಮ."

"ಐತ್ರಿ."

"ಹಾಗಾದರೆ ಬಸ್ಸು ಇಡು ಅಂತೀಯೋ, ತೆಗಿ ಅಂತೀಯೋ?"

"ಈಗಿಂದೀಗ ಹೇಳಾಕ ಬರಂಗಿಲ್ಲ ಅಂತ ಹೇಳಾಕತ್ತೇನ್ರಿ."

ಸಾಹೇಬರು ಆಕಿ ಮಾರಿ ನೋಡಿದ್ರು, ನನ್ನ ಮಾರಿ ನೋಡಿದ್ರು, ನಕ್ಕರು. "ಇಡೀ ತಾಲ್ಲೂಕಿನಲ್ಲಿ ಎಲ್ಲರೂ ನನ್ನ ಹತ್ತಿರ ಖಚಿತವಾಗಿ ಮಾತಾಡೋರೇ. ಗೊತ್ತಿಲ್ಲ ಅಂದವಳು ನೀನೊಬ್ಬಳೇ. ಎಷ್ಟು ದಿನ ಬೇಕು ಗೊತ್ತಾಗೋಕೆ?"

ಅಂತರ ಅರ್ಧಾ ಆಗಬೇಕಂದ್ರ ಎಣಿಕಿ ನಾಕು ಪಟ್ಟು ಆಗಬೇಕು ಅಂತ ನಾ ಹೇಳಿದೆ. ಮಾರ್ಚಿನ ತನಕ ಟೈಮು ಕೊಟ್ಟಾರ. ಅಲ್ಲೀ ತನಕ ಬಸ್ಸು ಓಡತೈತಿ.

ಹೊರಗ ಬಂದ ಮ್ಯಾಲ ಆಕಿ ಕೇಳಿದ್ಲು, "ಸರ್, ಹೆಚ್ಚು ಎಣಿಸಿದ್ರ ಅಂತರ ಸಣ್ಣದಾಗತೈತಿ, ಖರೆ. ಸಣ್ಣದಾಗಿ ಯಾವ ಕಡೆ ಹೋಗತೈತ್ರಿ?" ನಾ ಹೇಳಿದೆ, ಅದು ನಮ್ಮ ಕೈಯಾಗ ಇಲ್ಲ ಅಂತ.

ನಿಮ್ಮ ಕಡೆ ಬಿಳಿಜೋಳ ಹ್ಯಾಂಗ ಅದಾವ? ಚಳಿಗೆ ಕಂಬಳಿ ಕಳಸ್ಲೇನು? ನಿನ್ನ ಕಾರ್ಡಿನ ದಾರಿ ಕಾಯ್ತೇನಿ, ಎರಡು ಸಾಲಾದ್ರೂ ಅಡ್ಡಿ ಇಲ್ಲ.

ನಿನ್ನ
ಬಸಂತರಾಯ


ತಂಗಡಗಿ
೧೯ ಮಾರ್ಚ್ ೧೯೭೮, ರವಿವಾರ

ಚಿ. ಸೌ. ಕಸ್ತೂರೆವ್ವಗ ಆಶೀರ್ವಾದಗಳು.

ಸಂಕ್ರಮಣದ ಎಳ್ಳು ಬೆಲ್ಲದ ಸಂಗಾಟ ನೀ ಕಳಿಸಿದ ಚೀಟಿ ಮುಟ್ಟಿತ್ತು. "ಆ ಹುಡುಗಿ ಸಾಲಿ ಬಿಡಬಾರದು" ಅಂತ ಬರದಿದ್ದಿ. ಆ ಮಾತು ನಾ ಜೋಹರಾಬಿಗೆ ಹೇಳಿದೆ. ಹೇಳಿದ ಮ್ಯಾಲ ಆಕಿ ದಿನಾ ಒಮ್ಮೆ "ಅಕ್ಕಾವ್ರು ಯಾವಾಗ ಬರ್ತಾರ್ರಿ ಸರ್?" ಅಂತ ಕೇಳ್ತಾಳ. ಉತ್ತರಕ್ಕ ಇಷ್ಟು ದಿನಾ ತಡಾ ಮಾಡಿದ್ದು ಕೆಲಸದಿಂದಲ್ಲ. ಏನು ಬರೀಬೇಕು ತಿಳೀಲಿಲ್ಲ. ತಪ್ಪು ತಿಳಕೋಬ್ಯಾಡ.

ಎಣಿಕಿ ಮುಗೀತು. ಹಳೇ ಮೂವತ್ತಾರೂ ಸೇರಿ ನೂರಾ ನಲವತ್ತನಾಲ್ಕು ಖೇಪು. ಸುಗ್ಗಿಯೊಳಗ ಮಂದಿ ಹೊಲಾ ಬಿಟ್ಟು ಎಲ್ಲಿ ಹೋಗ್ತಾರ, ಬಸ್ಸು ಇನ್ನೂ ಖಾಲಿ ಓಡಿತು. ಸರಾಸರಿ ಹದಿನಾರೂವರೆ. ಅಂತರ ಹದಿನೈದೂವರೆಯಿಂದ ಹದಿನೇಳೂವರೆ. ಹದಿನೆಂಟು ಹೊರಗ ಉಳೀತು.

ಕಡೀ ಗುಣಾಕಾರ ಜೋಹರಾಬಿನ ಮಾಡಿದ್ಲು, ಎಲ್ಲಾರ ಎದುರು. ಬೋರ್ಡಿನ ಮ್ಯಾಲ ಅಂಕಿ ಬರದು, ಖಡು ಕೆಳಗಿಟ್ಟು, ಸೆರಗಿಗೆ ಕೈ ಒರಸಿಕೊಂಡು, "ಈಗ ಹೇಳಾಕ ಬರತೈತ್ರಿ" ಅಂದ್ಲು. ಅಷ್ಟ ಅಂದು ತನ್ನ ಜಾಗಾಕ್ಕ ಹೋಗಿ ಕುಂತ್ಲು. ಕಾಸಿಂಸಾಬನ ಕಣ್ಣಾಗ ನೀರು ಬಂದಿದ್ವು.

ನಾ ಆ ದಿವಸ ಊಟಾ ಮಾಡಲಿಲ್ಲ. ನೂರಕ್ಕ ಐದು ಸರತಿ ತಪ್ಪತೈತಿ ಅಂತ ನಾನ ಕಲಿಸೇನಲ್ಲ, ಇದು ಆ ಐದರಾಗಿಂದು ಯಾಕ ಆಗಿರಬಾರದು ಅಂತ ಮನಸ್ಸು ಒಂದ ಸವನ ಹಟಾ ಹಿಡಿದಿತ್ತು. ಆಗಿರಬಹುದು. ಆದ್ರ ಬೇಕಾದ ಉತ್ತರ ಬಂದಾಗ ತೊಂಬತ್ತೈದನ್ನ ನಂಬೋದು, ಬ್ಯಾಡಾದ್ದು ಬಂದಾಗ ಐದನ್ನ ಹಿಡಕೊಳ್ಳೋದು, ಅದಕ್ಕ ಶಾಸ್ತ್ರ ಅನ್ನಾಕ ಆಗಂಗಿಲ್ಲ.

ಮಲಿಕಸಾಬಗ ಹೇಳಾಕ ನಾನ ಹೊಳಿಗೆ ಹೋದೆ. ಅವ ದೋಣಿ ತಳಕ್ಕ ಡಾಂಬರು ಬಳಿಯಾಕತ್ತಿದ್ದ. ಕೈ ನಿಂದರಿಸದನ ಕೇಳಿದ. "ನನ್ನ ಮಗಳು ಆ ಲೆಕ್ಕ ಮಾಡಿದ್ಲೇನ್ರಿ?" ಅಂದ. ಹೌದು ಅಂದೆ. "ತನ್ನ ಬಸ್ಸು ತಾನ ತಗಸಿದ್ಲು" ಅಂದ. ಸಿಟ್ಟಿನಿಂದಲ್ಲ. ಇನ್ನೊಂದು ಹಲಗಿ ಬಳದು, "ಸುಳ್ಳು ಹೇಳಿದ್ರ ಉಳೀತಿತ್ತೇನ್ರಿ?" ಅಂದ. "ಉಳೀತಿತ್ತು" ಅಂದೆ. ಅವ ಬ್ರಶ್ಶು ತಿರುಗಿ ಡಾಂಬರಿಗೆ ಅದ್ದಿದ.

ಡಿಪೋಕ್ಕ ಹೋಗೋ ದಿವಸ ಜೋಹರಾಬಿ ಇನ್ನೊಂದು ಕಾಗದ ತಂದಿದ್ಲು. ನಡುವ ಹುಡುಗರನ್ನ ಹಚ್ಚಿ ಸಂಜಿ ಏಳರ ಬಸ್ಸಿಂದೂ ಎಣಿಸಿದ್ಲಂತ, ನನಗೂ ಹೇಳಿರಲಿಲ್ಲ. ಸಾಹೇಬರ ಮುಂದ ಎರಡೂ ಇಟ್ಟು, "ಎರಡು ಗಂಟೆದು ಹದಿನೆಂಟು ಮುಟ್ಟಂಗಿಲ್ರಿ. ತಗೀರಿ. ಏಳರದು ಸುಮಾರು ಇಪ್ಪತ್ತು ಐತಿ. ಎರಡೂ ತಗದು ಐದಕ್ಕ ಒಂದು ಬಿಡ್ರಿ. ಎಲ್ಲಾರಿಗೂ ಕುಂದ್ರಾಕ ಜಾಗಾ ಸಿಗತೈತ್ರಿ, ನಿಮಗ ಒಂದು ಖೇಪು ಉಳೀತೈತಿ" ಅಂದ್ಲು.

ಸಾಹೇಬರು ಕನ್ನಡಕ ತಗದು ಮೇಜಿನ ಮ್ಯಾಲ ಇಟ್ರು. "ಇದನ್ನ ನನ್ನ ಆಫೀಸಿನವರು ಯಾರೂ ಯಾಕೆ ಹೇಳಲಿಲ್ಲ?" ಅಂದ್ರು, ಆಮ್ಯಾಲ, "ನಾನೂ ಕೇಳಲಿಲ್ಲ ಅನ್ನಿ" ಅಂದ್ರು.

ಈ ವಾರದಿಂದ ಐದರ ಬಸ್ಸು ಶುರು ಆಗೇತಿ. ಊರು ಮುಟ್ಟೂದರೊಳಗ ಇನ್ನೂ ಬೆಳಕು ಇರತೈತಿ. ಮೊದಲನೇ ದಿವಸ ಮಲಿಕಸಾಬ ಸ್ಟ್ಯಾಂಡಿನ್ಯಾಗ ನಿಂತಿದ್ದ. ಮಗಳು ಇಳಿದ್ಲು, ಅವ ಆಕಿ ಕೈಯಾಗಿನ ಪುಸ್ತಕ ಇಸಕೊಂಡು ಮುಂದ ನಡದ. ನನಗ ಬರೇ ತಲಿ ಅಲುಗಿಸಿದ. ಮೂರನೇ ವರ್ಷಕ್ಕ ಹೆಸರು ಹಚ್ಚಸ್ತಾನ ಅಂತ ತಿಳಕೊಂಡೇನಿ. ಅವ ಬಾಯಿಬಿಟ್ಟು ಇನ್ನೂ ಹೇಳಿಲ್ಲ.

ಎಲ್ಲಾ ಚಂದ ಆತು ಅಂತ ನಾ ಬರದ್ರ ಅದು ಖರೆ ಆಗಂಗಿಲ್ಲ. ಡಿಪೋದಿಂದ ಬಸ್ಸಿನ್ಯಾಗ ತಿರುಗಿ ಬರುವಾಗ ಜೋಹರಾಬಿನ ಅಂದ್ಲು, "ಮಧ್ಯಾಹ್ನ ಮೂರಕ್ಕ ಊರಿಂದ ದವಾಖಾನಿಗೆ ಹೋಗೋರಿಗೆ ಏನೂ ಉಳೀಲಿಲ್ರಿ ಸರ್. ಅವರು ಭಾಳ ಮಂದಿ ಇಲ್ಲ. ಆದ್ರ ಅದಾರ." ನಾ ಕಿಡಕ್ಯಾಗ ನೋಡಿಕೋತ ಕುಂತೆ.

ಯುಗಾದಿ ಹತ್ತಿರ ಬಂತು. ಅವ್ವ ಶಾವಿಗಿ ಹೊಸ್ಯಾಕ ಕುಂತಾಳ, ಒಬ್ಬಾಕಿಗೆ ಆಗಂಗಿಲ್ಲ ಅಂತ ಗೊಣಗ್ತಾಳ, ಆದ್ರೂ ಮಾಡ್ತಾಳ. ನಿಮ್ಮಪ್ಪ ಅವ್ವಗ ನಮಸ್ಕಾರ, ಅಣ್ಣನ ಮಕ್ಕಳಿಗೆ ಆಶೀರ್ವಾದ. ನಿನಗ ದೇವರು ಆಯುಷ್ಯ, ನಿದ್ದಿ ಎರಡೂ ಕೊಡಲಿ.

ನಿನ್ನ
ಬಸಂತರಾಯ

ತಾ. ಕ.: ಪತ್ರ ಮಡಚಿ ಅಂಟಸಾಕ ಹೋಗಿದ್ದೆ, ಮತ್ತ ಬಿಚ್ಚೇನಿ.

ಎರಡು ಗಂಟೆಯ ಬಸ್ಸಿನ ಕಡೀ ದಿವಸ, ಹೋದ ಬುಧವಾರ, ಅರ್ಧಾ ದಿನಾ ರಜಾ ಹಾಕಿ ನಾ ಅದರಾಗ ಊರಿಗೆ ಬಂದೆ. ಇಳೀಲಿಲ್ಲ. ಅದರಾಗ ಕುಂತು ಮೂರಕ್ಕ ತಿರುಗಿ ಮುದ್ದೇಬಿಹಾಳಕ್ಕ ಹೋದೆ. ಬಾಗಿಲ ಹಿಂದಿನ ಸೀಟಿನ್ಯಾಗ ಕುಂತಿದ್ದೆ. ಹೋದ ವರ್ಷ ಮಾಘದಾಗ ನೀ ಅಲ್ಲೇ ಕುಂತಿದ್ದಿ, ಕೂಸಿನ್ನ ಸೆರಗಿನ್ಯಾಗ ಸುತ್ತಿಕೊಂಡು. ಆ ದಿವಸ ನಾವು ಬಿಟ್ರ ಬಸ್ಸಿನ್ಯಾಗ ಯಾರೂ ಇರಲಿಲ್ಲ. ಡ್ರೈವರ ಎಲ್ಲೂ ನಿಂದರಿಸಲಿಲ್ಲ. ಡಾಕ್ಟರು ಇದ್ರು, ಸೂಜಿ ಮಾಡಿದ್ರು, ಔಷಧ ಇತ್ತು. ಸಾಹೇಬರ ಮುಂದ ಈ ಮಾತು ಎರಡು ಸರತಿ ನನ್ನ ಬಾಯಿ ತನಕ ಬಂತು. ಆಡಲಿಲ್ಲ. ಆಡಿದ್ರ ಅವರು "ಮಗು ಉಳೀತಾ?" ಅಂತ ಕೇಳ್ತಿದ್ರು.

ನೀ ತವರಿಗೆ ಹೋಗಿ ವರ್ಷ ಆಗಾಕ ಬಂತು. ನಿನ್ನ ಒಂದು ಕಾರ್ಡಿನ್ಯಾಗೂ ಆಕಿ ಮಾತಿಲ್ಲ, ನನ್ನ ಪತ್ರದಾಗೂ ಇಲ್ಲ. ಅವ್ವ ದೇವರ ಮುಂದ ಕುಂತಾಗ ಆಕಿ ಹೆಸರು ಹೇಳ್ತಾಳ, ನಾ ಎದ್ದು ಹೊರಗ ಹೋಗ್ತೇನಿ. ನೀ ಬಾ ಅಂತ ನಾ ಒತ್ತಾಯ ಮಾಡಂಗಿಲ್ಲ. ಬರಬೇಕನಿಸಿದಾಗ ಬಾ. ಅಲ್ಲೀ ತನಕ ಒಂದು ಪತ್ರ ಹಾಕು, ಅದರಾಗ ಆಕಿ ಹೆಸರು ಇರಲಿ. ನಿಮ್ಮ ಅಜ್ಜಿ ಹೆಸರು ಇಡಬೇಕು ಅಂತ ನೀ ಹಟಾ ಹಿಡಿದಾಗ ಎಷ್ಟು ಹಳೇ ಹೆಸರು ಅಂತ ನಾ ನಕ್ಕಿದ್ದೆ.

ಗುಂಡವ್ವ.

ನಾ ಬರದೇನಿ. ಇನ್ನ ನೀ ಬರಿ.